ಮಳೆಗಾಲದ ತುಡುವೆಗೆ ಯಾವ ಫೀಡರ್? ಹೊಸನಗರದ ಒಂದು ತೋಟದ ಪ್ರಕರಣ

ಹೊಸನಗರ ತಾಲ್ಲೂಕು, ಶರಾವತಿ ಹಿನ್ನೀರಿಗೆ ಹತ್ತಿರದ ಒಂದು ಅಡಿಕೆ ತೋಟ. ಮನೆಯಲ್ಲಿ ಜೇನು ನೋಡಿಕೊಳ್ಳುವುದು ಅಕ್ಕ. ಐದು ಪೆಟ್ಟಿಗೆ, ಐದೂ ನ್ಯೂಟನ್ ಮಾದರಿ, ಐದರಲ್ಲೂ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ಕಡೆಯ ಸಣ್ಣ ಜೇನು. ಹಿಂದಿನ ವರ್ಷ ಆಶ್ಲೇಷ ಮಳೆಯ ಹೊತ್ತಿಗೆ ಎರಡು ಕುಟುಂಬ ಪೆಟ್ಟಿಗೆ ಬಿಟ್ಟು ಹೋಗಿದ್ದವು. ಈ ಸಲ ಹಾಗಾಗಬಾರದು ಅಂತ ಅವರು ಮೊದಲೇ ಒಂದು ಪ್ಲಾಸ್ಟಿಕ್ ಫೀಡರ್, ಅಂದರೆ ಜೇನುನೊಣಕ್ಕೆ ಸಕ್ಕರೆ ಪಾಕ ಕೊಡುವ ಪಾತ್ರೆ, ತರಿಸಿಟ್ಟಿದ್ದರು. ಪುನರ್ವಸು ಮಳೆ ಹಿಡಿದ ಮೇಲೆ ಅದನ್ನು ಪೆಟ್ಟಿಗೆಗೆ ಇಳಿಸಲು ಹೋದರೆ ಇಳಿಯಲೇ ಇಲ್ಲ.

"ಎಂತ ಮಾಡೋದು ಮಾರಾಯ್ರೆ, ದುಡ್ಡು ಕೊಟ್ಟು ತರ್ಸಿದ್ದು ಪೆಟ್ಟಿಗೆಗಿಂತ ಉದ್ದ ಇದೆ" ಅಂತ ಫೋನ್ ಮಾಡಿದರು.

ಇಳಿಯದೇ ಇರುವುದು ಸಹಜ. ನೊಣ ಎರಿ (ಮೇಣದ ಹಲ್ಲೆ) ಕಟ್ಟಲು ಪೆಟ್ಟಿಗೆಯೊಳಗೆ ಚೌಕಟ್ಟು ಇಳಿಬಿಡುತ್ತಾರೆ. ಮಾರುಕಟ್ಟೆಯಲ್ಲಿ ಸಿಗುವ ಚೌಕಟ್ಟಿನ ಆಕಾರದ ಫೀಡರ್‌ಗಳು ಬಹುಪಾಲು ಮೆಲ್ಲಿಫೆರಾ ಎಂಬ ವಿದೇಶಿ ಜೇನಿನ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯ ಅಳತೆಯವು. ಆ ಚೌಕಟ್ಟಿನ ಮೇಲ್ಪಟ್ಟಿ 19 ಇಂಚು ಉದ್ದ. ನಮ್ಮ ನ್ಯೂಟನ್ ಚೌಕಟ್ಟು ಹೆಚ್ಚೂಕಡಿಮೆ ಅದರ ಅರ್ಧ. ಶತಮಾನದ ಹಿಂದೆ ಫಾದರ್ ನ್ಯೂಟನ್ ಈ ಪೆಟ್ಟಿಗೆ ಮಾಡಿದ್ದೇ ದಕ್ಷಿಣ ಭಾರತದ ಸಣ್ಣ ಜೇನಿಗಾಗಿ. ಫೀಡರ್ ಮಾತ್ರ ಯಾವುದೋ ದೇಶದ ದೊಡ್ಡ ಜೇನಿನ ಲೆಕ್ಕದ್ದು ಬರುತ್ತದೆ. ಬರೀ ಅಳತೆಯ ವಿಷಯವಾಗಿದ್ದರೆ ಈ ಬರಹವೇ ಬೇಕಿರಲಿಲ್ಲ. ಫೀಡರ್ ಬಳಸುವ ಕ್ರಮವೂ ಅಲ್ಲಿಯದೇ ಬರುತ್ತದೆ. ಹಿಮ ಬೀಳುವ ಊರಿನಲ್ಲಿ ಚಳಿಗಾಲಕ್ಕೆ ಮುಂಚೆ ಲೀಟರ್‌ಗಟ್ಟಲೆ ಪಾಕ ಕೊಟ್ಟು ಮುಚ್ಚಿಡುತ್ತಾರೆ. ಮಲೆನಾಡಿನಲ್ಲಿ ಹಸಿವಿನ ಕಾಲ ಮಳೆಗಾಲ. ಗಾಳಿಯೇ ಒದ್ದೆ, ಕುಟುಂಬ ಚಿಕ್ಕದು, ಇರುವೆ ಜಾಸ್ತಿ, ಮೇಲಾಗಿ ಬೇಜಾರಾದರೆ ಎದ್ದು ಹೋಗುವ ಜಾತಿಯ ಜೇನು. ಇಲ್ಲಿ ಫೀಡರ್ ಆರಿಸುವ ಲೆಕ್ಕವೇ ಬೇರೆ. ಈ ತೋಟದಲ್ಲಿ ಒಂದೇ ಮಳೆಗಾಲದಲ್ಲಿ ಮೂರು ಬಗೆಯ ಫೀಡರ್ ಅಕ್ಕಪಕ್ಕ ಇದ್ದವು. ಗೆದ್ದದ್ದೂ ಇದೆ, ಕೈ ತಪ್ಪಿದ್ದೂ ಇದೆ. ಹಾಗಾಗಿ ಪೂರ್ತಿ ಬರೆಯುತ್ತಿದ್ದೇನೆ.

ಪೆಟ್ಟಿಗೆ ತೆರೆದಾಗ

ಮಳೆ ಸ್ವಲ್ಪ ಬಿಟ್ಟ ಹೊತ್ತು ನೋಡಿ ಪೆಟ್ಟಿಗೆ ತೆರೆದೆವು. ತೆರೆಯುವ ಮುಂಚೆಯೇ ಹಿಂಬದಿಯಿಂದ ಒಂದೊಂದನ್ನೂ ಸ್ವಲ್ಪ ಎತ್ತಿ ನೋಡಿದ್ದೆ. ಒಳಗೆ ಜೇನು ಇದ್ದರೆ ಕೈಗೆ ಗೊತ್ತಾಗುತ್ತದೆ. ಐದೂ ಹಗುರ.

ಒಂದನೇ ಪೆಟ್ಟಿಗೆಯಲ್ಲಿ ಆರು ಎರಿಗಳ ಮೇಲೆ ನೊಣ ತುಂಬಿತ್ತು. ಎರಡನೆಯದರಲ್ಲಿ ಐದು. ಮೂರು ಮತ್ತು ನಾಲ್ಕರಲ್ಲಿ ಮೂರು ಮೂರು ಎರಿ. ಐದನೆಯದರಲ್ಲಿ ಒಂದೂವರೆ ಎರಿ ಮುಚ್ಚುವಷ್ಟೂ ಇರಲಿಲ್ಲ, ರಾಣಿ ಮಾತ್ರ ಓಡಾಡುತ್ತಿದ್ದಳು.

ಆರೋಗ್ಯವಾಗಿರುವ ಎರಿಯಲ್ಲಿ ಮೇಲ್ಭಾಗಕ್ಕೆ ಕಮಾನಿನ ಹಾಗೆ ಮುಚ್ಚಿದ ಜೇನು ಇರುತ್ತದೆ. ಅದರ ಕೆಳಗೆ ಪರಾಗ, ಅದರ ಕೆಳಗೆ ಮರಿ. ಇಲ್ಲಿ ಮೊದಲಿನ ಎರಡು ಪೆಟ್ಟಿಗೆಯಲ್ಲಿ ಬೆರಳಗಲ ಜೇನು ಉಳಿದಿತ್ತು. ಮೂರು ಮತ್ತು ನಾಲ್ಕರಲ್ಲಿ ಆ ಜಾಗ ಒಣಗಿತ್ತು. ಮೊಟ್ಟೆ ಇತ್ತು, ಆದರೆ ಮರಿಹುಳದ ಸುತ್ತ ಇರಬೇಕಾದ ಬಿಳಿ ಆಹಾರ ಕಾಣಲಿಲ್ಲ. ನಾಲ್ಕನೆಯದರ ಅಡಿಹಲಗೆಯ ಮೇಲೆ ಎಳೆದು ಹಾಕಿದ ಮರಿಗಳು ಬಿದ್ದಿದ್ದವು. ಹೊಟ್ಟೆಗಿಲ್ಲದಾಗ ಕೆಲಸಗಾರ ನೊಣಗಳು ಮರಿಯನ್ನು ತಿನ್ನುತ್ತವೆ, ಇಲ್ಲವೇ ಹೊರಗೆ ಎಳೆಯುತ್ತವೆ. ತುಡುವೆ ಪೆಟ್ಟಿಗೆ ಬಿಡುವ ಮುಂಚಿನ ಲಕ್ಷಣವೂ ಹೀಗೇ ಶುರುವಾಗುತ್ತದೆ. ರಾಣಿ ಮೊಟ್ಟೆ ಕಡಿಮೆ ಮಾಡುತ್ತಾಳೆ, ಮುಚ್ಚಿದ ಮರಿ ಒಡೆದು ಬರುವವರೆಗೆ ಕಾಯುತ್ತವೆ, ಉಳಿದ ಜೇನು ಹೊಟ್ಟೆ ತುಂಬಿಕೊಂಡು ಒಂದು ಬಿಸಿಲ ದಿನ ಎದ್ದು ಬಿಡುತ್ತವೆ.

ರೋಗವೇನಾದರೂ ಇದೆಯಾ ಅಂತ ಮೊದಲು ನೋಡಿಕೊಂಡೆವು. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ಮುಗಿಸಿ ಹಾಕಿತ್ತು. ಆ ಕಾಲದಲ್ಲಿ ಖಾಲಿ ಪೆಟ್ಟಿಗೆ ಅಟ್ಟ ಸೇರಿದ ಮನೆಗಳು ಮಲೆನಾಡಿನಲ್ಲಿ ಎಷ್ಟೋ ಇವೆ. ಆ ರೋಗ ಬಂದರೆ ಮರಿ ತಲೆ ಮೇಲೆತ್ತಿ ನೀರು ತುಂಬಿದ ಚೀಲದಂತಾಗಿ ಕೋಣೆಯಲ್ಲೇ ಸಾಯುತ್ತದೆ. ಇಲ್ಲಿ ಅಂಥದ್ದು ಇರಲಿಲ್ಲ. ಇದು ಬರೀ ಹಸಿವು.

ಹಸಿವು ಯಾಕೆ ಬಂತು ಅಂತಲೂ ಹೇಳಿಬಿಡುತ್ತೇನೆ. ಫೀಡರ್ ಪ್ರಶ್ನೆ ಹುಟ್ಟುವುದು ಜುಲೈನಲ್ಲಲ್ಲ, ಮೇ ತಿಂಗಳಲ್ಲಿ. ಆ ವರ್ಷ ನೇರಳೆ ಚೆನ್ನಾಗಿ ಹೂವಾಗಿತ್ತು. ಜೇನು ಕೋಣೆ, ಅಂದರೆ ಪೆಟ್ಟಿಗೆಯ ಮೇಲಿನ ಅಂತಸ್ತು, ತುಂಬಿತ್ತು. ಮೇ ಕೊನೆಗೆ ಇನ್ನೊಂದು ಸಲ ತೆಗೆದರು. "ಬಾಯಿಬಿಟ್ಟು ಕೇಳುವವರು ಇದ್ರು, ಇಲ್ಲ ಅನ್ನೋಕೆ ಆಗ್ಲಿಲ್ಲ" ಅಂದರು ಅಕ್ಕ. ಕೇಳುವವರು ಇದ್ದೇ ಇರುತ್ತಾರೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ನೊಣಕ್ಕೆ ಹೊರಗೆ ಸಿಗುವುದು ಬಹಳ ಕಡಿಮೆ. ಮಳೆಯಲ್ಲಿ ಹಾರಲಾಗುವುದಿಲ್ಲ. ಹಾರಿದರೂ ತೆಂಗಿನ ಪರಾಗ, ಹಿತ್ತಲಿನ ಸೌತೆ, ಹೀರೆ, ಕುಂಬಳದ ಹೂವು ಅಷ್ಟೇ. ಆಗಸ್ಟ್ ಕಳೆಯುತ್ತಾ ಬಂದಾಗ ಮುಟ್ಟಿದರೆ ಮುನಿ ಹೂವು ಸ್ವಲ್ಪ ಪರಾಗ ಕೊಡುತ್ತದೆ. ಅಲ್ಲಿಯವರೆಗೆ ಮೇ ತಿಂಗಳಲ್ಲಿ ಬಿಟ್ಟ ಜೇನೇ ಊಟ. ರಾಣಿ, ಮರಿ ಇರುವ ಕೆಳಗಿನ ಸಂಸಾರ ಕೋಣೆಯ ಜೇನನ್ನು ಮುಟ್ಟಲೇಬಾರದು, ಜೇನು ಕೋಣೆಯಲ್ಲೂ ಕನಿಷ್ಠ ಎರಡು ಚೌಕಟ್ಟು ಬಿಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಿಟ್ಟ ಜೇನಿಗೆ ಸಮನಾದ ಫೀಡರ್ ಇಲ್ಲ.

ಗರಟೆ, ಬಾಟ್ಲಿ, ಚೌಕಟ್ಟು

ನಾನು ಹೋಗುವ ಹೊತ್ತಿಗೆ ಅಕ್ಕ ಐದೂ ಪೆಟ್ಟಿಗೆಗೆ ಗರಟೆ ಇಟ್ಟಿದ್ದರು. ಇದು ನಮ್ಮ ಕಡೆಯ ಹಳೆಯ ಪದ್ಧತಿ. ತೆಂಗಿನ ಗರಟೆಯಲ್ಲಿ ಸಕ್ಕರೆ ಪಾಕ ಹುಯ್ದು, ನೊಣ ಮುಳುಗದ ಹಾಗೆ ಮೇಲೆ ಒಣಹುಲ್ಲು ಹಾಕಿ, ಖಾಲಿ ಜೇನು ಕೋಣೆಯೊಳಗೆ ಇಡುವುದು. ಖರ್ಚಿಲ್ಲ. ಬಲವಾದ ಕುಟುಂಬಕ್ಕೆ ಸಾಕಾಗುತ್ತದೆ ಕೂಡ. ಒಂದನೇ ಪೆಟ್ಟಿಗೆಯ ಗರಟೆ ನೆಕ್ಕಿ ಒರೆಸಿದಂತಿತ್ತು.

ಮೂರನೇ ಪೆಟ್ಟಿಗೆಯ ಗರಟೆ ಹಾಗೇ ಇತ್ತು. ಹುಲ್ಲಿನ ಮೇಲೆ ಬೂದು ಬಣ್ಣದ ಬೂಷ್ಟು, ಅಂಚಿಗೆ ಸಣ್ಣ ನೊರೆ. ಮೂಗಿಗೆ ಹತ್ತಿರ ತಂದರೆ ಹುಳಿ ವಾಸನೆ. ಪಾಕದಲ್ಲಿ ಎರಡು ಜಿರಳೆ. ನೊಣದ ಗುಂಪು ಇದ್ದದ್ದು ಅದರಿಂದ ಒಂದು ಗೇಣು ಕೆಳಗೆ. ಅಷ್ಟು ದೂರ ಅವು ಯಾಕೆ ಬರಲಿಲ್ಲ?

ಈ ಪ್ರಕರಣದ ತಿರುಳು ಇದೇ. ಮೂರು ಎರಿಯ ಕುಟುಂಬಕ್ಕೆ ಮರಿಯನ್ನು ಬೆಚ್ಚಗಿಡುವುದೇ ದೊಡ್ಡ ಕೆಲಸ. ಮಳೆಗಾಲದ ತಂಪಿನಲ್ಲಿ ನೊಣಗಳು ಎರಿಗೆ ಅಂಟಿಕೊಂಡು ಕೂರುತ್ತವೆ. ಗುಂಪು ಬಿಟ್ಟು, ಖಾಲಿ ತಣ್ಣನೆಯ ಕೋಣೆ ದಾಟಿ, ತಣ್ಣನೆಯ ಪಾಕ ಹೀರಿ ವಾಪಸು ಬರುವಷ್ಟು ಕೈ ಅವುಗಳಿಗೆ ಉಳಿದಿರುವುದಿಲ್ಲ. ಪೆಟ್ಟಿಗೆಯ ಒಳಗೇ ಪಾಕ ಇದ್ದೂ ನೊಣ ಉಪವಾಸ ಬೀಳುವುದು ಹೀಗೆ. "ಫೀಡರ್ ಇಟ್ಟಿದ್ದೆ, ಆದ್ರೂ ಹೋಯ್ತು" ಅಂತ ಹೇಳುವವರ ಪೆಟ್ಟಿಗೆಯಲ್ಲಿ ನಾನು ಎಷ್ಟೋ ಸಲ ಇದನ್ನೇ ಕಂಡಿದ್ದೇನೆ. ಹಾಗಾಗಿ ಫೀಡರ್ ಎಷ್ಟು ಲೀಟರ್ ಹಿಡಿಯುತ್ತದೆ ಅನ್ನುವುದಕ್ಕಿಂತ ಪಾಕ ನೊಣದ ಗುಂಪಿಗೆ ಎಷ್ಟು ಹತ್ತಿರ ಇದೆ ಅನ್ನುವುದನ್ನು ಮೊದಲು ನೋಡಬೇಕು.

ಇನ್ನೊಂದು ದಾರಿ ಬಾಟ್ಲಿ. ಅಗಲ ಬಾಯಿಯ ಬಾಟ್ಲಿಯ ಮುಚ್ಚಳದ ನಡುವೆ ಎಂಟು ಹತ್ತು ಸಣ್ಣ ತೂತು ಮಾಡಿ, ಪಾಕ ತುಂಬಿ, ತಲೆಕೆಳಗು ಇಡುವುದು. ತೂತು ಒಂದು ಮಿಲಿಮೀಟರ್ ಇದ್ದರೆ ಸಾಕು. ಮೊದಲು ಕೆಲವು ಹನಿ ಬೀಳುತ್ತದೆ. ಆಮೇಲೆ ಬಾಟ್ಲಿಯೊಳಗಿನ ಗಾಳಿಯ ಒತ್ತಡ ತಗ್ಗಿ ಪಾಕ ನಿಂತುಬಿಡುತ್ತದೆ. ನೊಣ ನಾಲಗೆ ಚಾಚಿದಾಗ ಮಾತ್ರ ಬರುತ್ತದೆ. ನ್ಯೂಟನ್ ಪೆಟ್ಟಿಗೆಗೆ ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಒಳಮುಚ್ಚಳದ ನಡುವೆ ಗಾಳಿಗೆ ಅಂತ ತೂತು ಇದ್ದು ಅದಕ್ಕೆ ತಂತಿ ಜಾಲರಿ ಹೊಡೆದಿರುತ್ತಾರೆ. ಬಾಟ್ಲಿಯ ಮುಚ್ಚಳ ಆ ಜಾಲರಿಗೆ ತಾಗಿ ಕೂತರೆ ನೊಣ ಕೆಳಗಿನಿಂದಲೇ ಹೀರುತ್ತದೆ. ಸುತ್ತ ಖಾಲಿ ಜೇನು ಕೋಣೆ, ಮೇಲೆ ಮೇಲ್ಮುಚ್ಚಳ. ಬಾಟ್ಲಿ ಬದಲಿಸುವಾಗ ಒಂದು ನೊಣವೂ ಮೇಲೆ ಬರುವುದಿಲ್ಲ, ಹೊಗೆ ಬೇಡ, ಮಳೆ ಹನಿ ಎರಿಗೆ ಬೀಳುವುದಿಲ್ಲ. ಕೆಣಕಿದರೆ ಎದ್ದು ಹೋಗುವ ತುಡುವೆಗೆ ಇದು ಸಣ್ಣ ಮಾತಲ್ಲ. ಒಂದು ಮತ್ತು ಎರಡನೇ ಪೆಟ್ಟಿಗೆಗೆ ಇದನ್ನೇ ಮಾಡಿದೆವು. ಐದಾರು ಎರಿಯ ಕುಟುಂಬದ ಬಿಸಿ ಒಳಮುಚ್ಚಳದವರೆಗೂ ಏರುತ್ತದೆ, ನೊಣವೂ ಅಲ್ಲಿಯವರೆಗೆ ಹರಡಿರುತ್ತದೆ.

ಮೂರು ಮತ್ತು ನಾಲ್ಕಕ್ಕೆ ಚೌಕಟ್ಟಿನ ಫೀಡರ್ ಅಂತ ತೀರ್ಮಾನವಾಯಿತು. ಆ ಮನೆಯ ಮಗನಿಗೆ ಬಡಗಿ ಕೆಲಸದ ಕೈ ಇದೆ. ಹಳೆಯ ಎರಡು ನ್ಯೂಟನ್ ಚೌಕಟ್ಟು ತಗೊಂಡು, ಎರಡೂ ಬದಿಗೆ ತೆಳು ಪ್ಲೈವುಡ್ ಹೊಡೆದ. ಸಂದುಗಳಿಗೆ ಜೇನುಮೇಣ ಕಾಯಿಸಿ ಹುಯ್ದು, ನೀರು ತುಂಬಿಸಿ ಒಂದು ರಾತ್ರಿ ಇಟ್ಟು ಸೋರದಿರುವುದನ್ನು ನೋಡಿಕೊಂಡ. ಒಳಗೆ ಸುಮಾರು 20 ಸೆಂಟಿಮೀಟರ್ ಉದ್ದ, 14 ಆಳ, 2 ಅಗಲ. ಅರ್ಧ ಲೀಟರ್ ಹಿಡಿಯುತ್ತದೆ. ಮೇಲ್ಪಟ್ಟಿಯಲ್ಲಿ ನೊಣ ಇಳಿಯಲು ಉದ್ದಕ್ಕೆ ಒಂದು ಸೀಳು, ಒಂದು ತುದಿಗೆ ಆಲಿಕೆಯ ಮೂತಿ ಹೋಗುವಷ್ಟು ತೂತು. ಈ ತೂತು ಇದ್ದರೆ ಚೌಕಟ್ಟನ್ನು ಎತ್ತದೆಯೇ ಪಾಕ ತುಂಬಬಹುದು.

ಫೀಡರ್ ಇಡುವ ಜಾಗ ಮುಖ್ಯ. ನೊಣ ಇರುವ ಕೊನೆಯ ಎರಿಯ ಪಕ್ಕಕ್ಕೇ ಇರಬೇಕು. ನಡುವೆ ಖಾಲಿ ಎರಿ ಇದ್ದರೆ ಮತ್ತೆ ಗರಟೆಯ ಕತೆಯೇ. ನೊಣವಿಲ್ಲದ ಖಾಲಿ ಎರಿಗಳನ್ನು ತೆಗೆದು ಭದ್ರ ಮಾಡಿದೆವು, ಒಳಗೇ ಬಿಟ್ಟರೆ ಮೇಣದ ಹುಳ ಹತ್ತುತ್ತದೆ. ಹೀಗೆ ಮಾಡಿದಾಗ ಫೀಡರ್ ಒಂದು ಗೋಡೆಯಾಗಿಯೂ ಕೆಲಸ ಮಾಡುತ್ತದೆ. ಮೂರು ಎರಿ, ಪಕ್ಕಕ್ಕೆ ಫೀಡರ್, ಅಷ್ಟೇ ನೊಣದ ಮನೆ. ಕಾಯಿಸಬೇಕಾದ ಜಾಗ ಕಡಿಮೆ, ಪಾಕವೂ ಅದೇ ಬಿಸಿಯಲ್ಲಿ ಉಗುರುಬೆಚ್ಚಗೆ ಇರುತ್ತದೆ. ಚೌಕಟ್ಟಿನ ಫೀಡರ್ ಒಂದು ಎರಿಯ ಜಾಗ ತಿನ್ನುತ್ತದೆ ಅಂತ ಹಲವರು ದೂರುತ್ತಾರೆ. ಜನವರಿಯಲ್ಲಿ ಅದು ನಿಜವಾದ ದೂರು. ಜುಲೈನಲ್ಲಿ ಅದೇ ಅದರ ಗುಣ.

ಐದನೇ ಪೆಟ್ಟಿಗೆಗೆ ಫೀಡರ್ ಇಡಲಿಲ್ಲ. ಒಂದು ಹಿಡಿ ನೊಣಕ್ಕೆ ಎಷ್ಟು ಪಾಕ ಕೊಟ್ಟರೂ ಅದು ಕುಟುಂಬವಾಗುವುದಿಲ್ಲ, ಸುತ್ತಲಿನ ಕಳ್ಳ ನೊಣಕ್ಕೆ ಊಟವಾಗುತ್ತದೆ. ಅದರ ರಾಣಿಯನ್ನು ತೆಗೆದು, ಸಂಜೆ ಹೊತ್ತು ನಡುವೆ ವೃತ್ತಪತ್ರಿಕೆಯ ಹಾಳೆ ಇಟ್ಟು ಮೂರನೆಯದಕ್ಕೆ ಸೇರಿಸಿದೆವು. ಹಾಳೆ ಕಚ್ಚಿ ಹರಿಯುವಷ್ಟರಲ್ಲಿ ಎರಡರ ವಾಸನೆಯೂ ಬೆರೆತು ಜಗಳ ಆಗುವುದಿಲ್ಲ. ಮೂರನೆಯದು ನಾಲ್ಕು ಎರಿಯಾಯಿತು. ರಾಣಿ ತೆಗೆಯುವಾಗ ಅಕ್ಕ ಮುಖ ತಿರುಗಿಸಿ ನಿಂತಿದ್ದರು. ಅವರಿಗೆ ಬೇಜಾರಾಗಿದ್ದು ಸರಿಯೇ. ಆದರೆ ಆ ನೊಣಗಳು ಉಳಿದದ್ದು ಅದರಿಂದಲೇ.

ಪಾಕದ ಹದ

ಸಾಮಾನ್ಯವಾಗಿ ಹೇಳುವುದು ಸಕ್ಕರೆ ಒಂದು ಪಾಲು, ನೀರು ಒಂದು ಪಾಲು. ಮರಿ ಹೆಚ್ಚಿಸಲು, ಹೂವಿನ ಕಾಲಕ್ಕೆ ಮುಂಚೆ ಕೊಡುವಾಗ ಅದು ಸರಿ. ಮಲೆನಾಡಿನ ಜುಲೈಗೆ ಅದು ನೀರಾಯಿತು ಅನ್ನುವುದು ನನ್ನ ಅನುಭವ. ನೊಣ ಪಾಕವನ್ನು ಎರಿಗೆ ತುಂಬಿ, ರೆಕ್ಕೆ ಬೀಸಿ ನೀರಿನಂಶ ಆರಿಸಬೇಕು. ಹೊರಗಿನ ಗಾಳಿಯೇ ನೀರು ಕುಡಿದು ಕೂತಿರುವಾಗ ಆರುವುದು ಎಲ್ಲಿಂದ? ಬೀಸುವುದಕ್ಕೇ ಕೊಟ್ಟ ಸಕ್ಕರೆಯ ಒಂದು ಭಾಗ ಸುಟ್ಟುಹೋಗುತ್ತದೆ, ಪೆಟ್ಟಿಗೆಯೊಳಗೆ ತೇವ ಏರುತ್ತದೆ. ತೀರಾ ಗಟ್ಟಿ, ಅಂದರೆ ಎರಡಕ್ಕೆ ಒಂದು ಮಾಡಿದರೆ ತಂಪಿಗೆ ಹರಳುಗಟ್ಟಿ ಬಾಟ್ಲಿಯ ತೂತು ಕಟ್ಟುತ್ತದೆ. ಹಾಗಾಗಿ ಇಲ್ಲಿ ತೂಕದಲ್ಲಿ ಮೂರು ಪಾಲು ಸಕ್ಕರೆಗೆ ಎರಡು ಪಾಲು ನೀರು ಇಟ್ಟುಕೊಂಡೆವು. 3 ಕೆಜಿ ಸಕ್ಕರೆ, 2 ಲೀಟರ್ ನೀರು ಹಾಕಿದರೆ ಹತ್ತಿರ ಹತ್ತಿರ 4 ಲೀಟರ್ ಪಾಕ ಆಗುತ್ತದೆ.

ನೀರು ಕುದಿಸಿ, ಒಲೆಯಿಂದ ಇಳಿಸಿ, ಆಮೇಲೆ ಸಕ್ಕರೆ ಹಾಕಿ ಕರಗಿಸಬೇಕು. ಸಕ್ಕರೆ ಹಾಕಿ ಕುದಿಸುತ್ತಾ ಕೂತರೆ ಅಡಿ ಹಿಡಿದು ಕಂದಾಗುತ್ತದೆ, ಆ ಕಂದು ನೊಣಕ್ಕೆ ಆಗದು. ನಿಂಬೆಹಣ್ಣು ಹಿಂಡುವ ಅಭ್ಯಾಸವೂ ಬೇಡ. ಬೆಲ್ಲ ಬೇಡವೇ ಬೇಡ. ಅಕ್ಕನ ಅತ್ತೆಗೆ ಇದು ಒಪ್ಪಿಗೆಯಾಗಲಿಲ್ಲ. "ಮನುಷ್ಯರಿಗೆ ಒಳ್ಳೇದು, ನೊಣಕ್ಕೆ ಕೆಟ್ಟದ್ದಾ?" ಅಂದರು. ಬೆಲ್ಲದಲ್ಲಿ ಸಕ್ಕರೆಯಲ್ಲದ ಅಂಶಗಳು ಜಾಸ್ತಿ. ಮಳೆ ಹಿಡಿದು ನೊಣ ದಿನಗಟ್ಟಲೆ ಹೊರಗೆ ಹೋಗಲಾಗದಾಗ ಅವು ಹೊಟ್ಟೆಯಲ್ಲೇ ಉಳಿದು, ತಡೆಯಲಾಗದೆ ಪೆಟ್ಟಿಗೆಯೊಳಗೇ ಭೇದಿಯಾಗುತ್ತದೆ. ಬಿಳಿ ಸಕ್ಕರೆಯಲ್ಲಿ ಆ ಕಾಟ ಇಲ್ಲ. ಇದನ್ನು ಹೇಳಿದ ಮೇಲೆ ಅಜ್ಜಿ ತಾವೇ ಸಕ್ಕರೆ ಅಳೆದು ಕೊಟ್ಟರು.

ಬೇರೆ ಕಡೆಯಿಂದ ತಂದ ಜೇನುತುಪ್ಪ ಕೂಡ ಕೊಡಬಾರದು. ಮೇಲೆ ಹೇಳಿದ ವೈರಸ್‌ನಂಥ ರೋಗಗಳು ಬೇರೆ ಕುಟುಂಬದ ಜೇನಿನ ಜೊತೆ ಬರುವ ಅಪಾಯ ಇದೆ. ಇನ್ನು ತೋಟದ ಮನೆಗಳಲ್ಲಿ ಮರೆಯಬಾರದ್ದು ಪಾತ್ರೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಕಾಲವೂ ಇದೇ. ಮೈಲುತುತ್ತ ಕರಗಿಸಿದ ಬಕೆಟ್, ಮಗ್ಗು, ಆಲಿಕೆ ಯಾವುದೂ ಪಾಕದ ಹತ್ತಿರ ಸುಳಿಯಬಾರದು. ಎಷ್ಟೇ ತೊಳೆದರೂ ಬೇಡ.

ಕೊಡುವ ಕ್ರಮ

ತುಡುವೆಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ವಾರಕ್ಕೆ ಒಂದು ಕುಟುಂಬಕ್ಕೆ 200 ಗ್ರಾಂ ಸಕ್ಕರೆ. ನಮ್ಮ ಹದದಲ್ಲಿ 300 ಮಿಲಿ ಪಾಕ ಅಂದರೆ ಸುಮಾರು 230 ಗ್ರಾಂ ಸಕ್ಕರೆ. ಬಲವಾದ ಎರಡಕ್ಕೆ ಒಂದೊಂದು ಬಾಟ್ಲಿ 300 ಮಿಲಿ. ಚಿಕ್ಕ ಕುಟುಂಬಕ್ಕೆ 150 ಮಿಲಿಯಂತೆ ವಾರಕ್ಕೆ ಎರಡು ಸಲ. ರಾತ್ರಿ ಬೆಳಗಾಗುವುದರೊಳಗೆ ಇಲ್ಲವೇ ಮರುದಿನ ಸಂಜೆಯೊಳಗೆ ಮುಗಿಸುವಷ್ಟೇ ಕೊಡಬೇಕು. ಅರ್ಧ ಲೀಟರ್ ಹಿಡಿಯುತ್ತದೆ ಅಂತ ಅರ್ಧ ಲೀಟರ್ ತುಂಬಿದರೆ ಉಳಿದದ್ದು ಹುಳಿಯುತ್ತದೆ.

ಸಂಜೆ ಕತ್ತಲಾಗುವ ಮುಂಚೆ, ಎಲ್ಲ ಪೆಟ್ಟಿಗೆಗೂ ಒಂದೇ ದಿನ. ಹಗಲು ಕೊಟ್ಟರೆ ವಾಸನೆಗೆ ಪಕ್ಕದ ಪೆಟ್ಟಿಗೆಯ ನೊಣ ಬರುತ್ತದೆ. ಪ್ರತಿ ಪೆಟ್ಟಿಗೆಯ ಬಾಗಿಲನ್ನೂ ಎರಡು ನೊಣ ಹೋಗುವಷ್ಟಕ್ಕೆ ಕಿರಿದು ಮಾಡಿದೆವು.

ಮೊದಲ ರಾತ್ರಿ ಕಳೆದು ಬೆಳಿಗ್ಗೆ ಅಕ್ಕ ಮೂರನೆಯದರ ಮುಚ್ಚಳ ತೆಗೆದಾಗ ಚೌಕಟ್ಟಿನ ಫೀಡರ್‌ನಲ್ಲಿ ನೊಣ ಸತ್ತು ತೇಲುತ್ತಿದ್ದವು. ಒಂದು ಚಮಚದಲ್ಲಿ ತೆಗೆದು ಬಾಳೆ ಎಲೆಯ ಮೇಲೆ ಹರಡಿ ನೋಡಿದೆವು. ರೆಕ್ಕೆಗಳು ಬೆನ್ನಿಗೆ ಅಂಟಿ, ಮೈಯೆಲ್ಲ ಮಿರಮಿರ ಅನ್ನುತ್ತಿತ್ತು. ಹೊಟ್ಟೆ ಮಾತ್ರ ಉಬ್ಬಿತ್ತು. ಅಂದರೆ ಕುಡಿದಿದ್ದವು, ಹತ್ತಿ ಬರಲು ಆಗಿರಲಿಲ್ಲ. ಪ್ಲೈವುಡ್‌ನ ಒಳಮೈ ನುಣುಪು, ಮೇಣ ಹುಯ್ದ ಕಡೆ ಇನ್ನೂ ನುಣುಪು. ಮಗ ಅವತ್ತೇ ಅದನ್ನು ಬಿಚ್ಚಿ ಒಳಮೈಯನ್ನು ಗರಗಸದ ಹಲ್ಲಿನಿಂದ ಗೀರಿ ಒರಟು ಮಾಡಿದ. ಅಲ್ಯೂಮಿನಿಯಂ ಸೊಳ್ಳೆ ಜಾಲರಿಯ ತುಂಡನ್ನು ಮಡಚಿ ಮೇಲಿನ ಸೀಳಿನಿಂದ ತಳದವರೆಗೆ ಏಣಿಯಾಗಿ ಇಳಿಬಿಟ್ಟ. ಪಾಕದ ಮೇಲೆ ತೇಲಲು ಸೀಳಿದ ಬಿದಿರ ಕಡ್ಡಿ. ಆಮೇಲೆ ಒಂದೆರಡು ಬಿಟ್ಟರೆ ಸಾಯಲಿಲ್ಲ. ಅಂಗಡಿಯದ್ದಿರಲಿ, ಮನೆಯದ್ದಿರಲಿ, ಏಣಿ ಇಲ್ಲದ ಚೌಕಟ್ಟಿನ ಫೀಡರ್ ಬಳಸಬೇಡಿ. ಮೂರು ಎರಿಯ ಕುಟುಂಬಕ್ಕೆ ಒಂದು ಚಮಚ ನೊಣ ಅಂದರೆ ದೊಡ್ಡ ನಷ್ಟ.

ಬಿಸಿಲು ಬಿದ್ದ ದಿನ

ಪುಷ್ಯ ಮಳೆಯ ನಡುವೆ ಒಂದು ದಿನ ಬೆಳಿಗ್ಗೆಯಿಂದಲೇ ಕಣ್ಣು ಕುಕ್ಕುವ ಬಿಸಿಲು. ನೊಣವೆಲ್ಲ ಹೊರಬಿದ್ದವು. ಹೊರಗೆ ಹೂವಿಲ್ಲ, ಮೂಗಿಗೆ ಮಾತ್ರ ಸಕ್ಕರೆಯ ವಾಸನೆ.

ಎರಡನೇ ಪೆಟ್ಟಿಗೆಯ ಬಾಟ್ಲಿ ಸೋರಿತ್ತು. ಕಾರಣ ಬಹಳ ಸರಳ. ಹಿಂದಿನ ಸಲ ಪಾಕ ಪೂರ್ತಿ ಖರ್ಚಾಗಿರಲಿಲ್ಲ ಅಂತ ಬಾಟ್ಲಿಗೆ ಅರ್ಧ ಮಾತ್ರ ತುಂಬಿದ್ದರು. ಉಳಿದರ್ಧ ಗಾಳಿ. ಬಿಸಿಲಿಗೆ ಆ ಗಾಳಿ ಹಿಗ್ಗಿ ಪಾಕವನ್ನು ಕೆಳಗೆ ತಳ್ಳಿತು. ಅದು ಎರಿಗಳ ನಡುವೆ ಇಳಿದು, ಅಡಿಹಲಗೆಗೆ ಬಿದ್ದು, ಬಾಗಿಲಿನಿಂದ ಸ್ಟ್ಯಾಂಡಿಗೆ ಹರಿಯಿತು. ಕಡಿಮೆ ಕೊಡಬೇಕು ಅಂದರೆ ದೊಡ್ಡ ಬಾಟ್ಲಿಗೆ ಅರ್ಧ ತುಂಬಬಾರದು. ಚಿಕ್ಕ ಬಾಟ್ಲಿಗೆ ಅಂಚಿನವರೆಗೆ ತುಂಬಬೇಕು. ತಲೆಕೆಳಗಿನ ಬಾಟ್ಲಿ ಬಳಸುವವರು ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ತೊಂದರೆ ಕಳೆಯಿತು. ಪೆಟ್ಟಿಗೆ ಓರೆಯಾಗದೆ ಮಟ್ಟಸವಾಗಿಯೂ ಇರಬೇಕು.

ಕಳ್ಳತನ ಶುರುವಾದದ್ದು ಎರಡನೆಯದರಲ್ಲಿ, ಪೆಟ್ಟು ಬಿದ್ದದ್ದು ನಾಲ್ಕನೆಯದಕ್ಕೆ. ಎರಡನೆಯದು ಬಲವಾಗಿತ್ತು, ಬಾಗಿಲು ಕಾಯ್ದುಕೊಂಡಿತು. ಅಲ್ಲಿ ಸಿಗದ ನೊಣ ಪಕ್ಕದ ದುರ್ಬಲ ಪೆಟ್ಟಿಗೆಗೆ ನುಗ್ಗಿತು. ಬಾಗಿಲ ಮುಂದೆ ಆಚೀಚೆ ತೂಗಾಡುತ್ತಾ ಹಾರುವ ನೊಣ, ಹಲಗೆಯ ಮೇಲೆ ಒಂದಕ್ಕೊಂದು ಕಚ್ಚಿಕೊಂಡು ಉರುಳುವ ಜೋಡಿ, ಒಳಗೆ ಮೇಣದ ಪುಡಿ. ಅಕ್ಕ ಕೂಡಲೇ ಬಾಗಿಲನ್ನು ಒಂದು ನೊಣದಷ್ಟಕ್ಕೆ ಕಿರಿದು ಮಾಡಿ, ಒದ್ದೆ ಬಟ್ಟೆ ಹೊದಿಸಿ, ಚೆಲ್ಲಿದ ಪಾಕಕ್ಕೆ ನೀರು ಹುಯ್ದರು. ಮಧ್ಯಾಹ್ನಕ್ಕೆ ಗಲಾಟೆ ನಿಂತಿತು.

ಆದರೆ ನಾಲ್ಕನೆಯದಕ್ಕೆ ಇನ್ನೊಂದು ಕಾಟವೂ ಇತ್ತು. ಇರುವೆ. ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟಿದ್ದರು. ಮಳೆನೀರು ತುಂಬಿ ಮೇಲಿನ ಎಣ್ಣೆ ತೇಲಿ ಹೋಗಿತ್ತು, ಬಟ್ಟಲಲ್ಲಿ ಹಲಸಿನ ಎಲೆ ಬಿದ್ದು ಸೇತುವೆಯಾಗಿತ್ತು. ಹಿಂಬದಿಯಲ್ಲಿ ಬೆಳೆದ ಹುಲ್ಲು ಪೆಟ್ಟಿಗೆಗೆ ತಾಗುತ್ತಿತ್ತು. ಕಟ್ಟಿರುವೆ ಸಾಲು ಅದರ ಮೇಲಿಂದಲೇ ಫೀಡರ್‌ಗೆ ಹತ್ತುತ್ತಿತ್ತು. ಎರಡು ದಿನ ಬಿಟ್ಟು ಬಂದ ಇನ್ನೊಂದು ಬಿಸಿಲಿಗೆ ನಾಲ್ಕನೇ ಕುಟುಂಬ ಎದ್ದು ಹೋಯಿತು. ಮರಿ ಇರಲಿಲ್ಲ. ಫೀಡರ್‌ನಲ್ಲಿ ಪಾಕ ಇನ್ನೂ ಇತ್ತು.

ಹಸಿವು ತುಡುವೆ ಎದ್ದು ಹೋಗಲು ಒಂದು ಕಾರಣ, ಕಾಟ ಇನ್ನೊಂದು. ಫೀಡರ್ ಮೊದಲನೆಯದನ್ನು ಕಳೆಯುತ್ತದೆ, ಇಡುವ ರೀತಿ ತಪ್ಪಿದರೆ ಎರಡನೆಯದನ್ನು ತರುತ್ತದೆ. ಅವತ್ತಿನಿಂದ ಪಾಕ ಹುಯ್ಯುವ ದಿನವೆಲ್ಲ ಮೊದಲು ಬಟ್ಟಲು ತೊಳೆದು, ನೀರು ಬದಲಿಸಿ, ಎಣ್ಣೆ ಹನಿ ಹಾಕಿ, ಹುಲ್ಲು ಸವರಿ, ಆಮೇಲೆ ಮುಚ್ಚಳಕ್ಕೆ ಕೈ ಹಾಕುವ ಕ್ರಮ ಮಾಡಿಕೊಂಡರು. ಬಟ್ಟಲಿಗೆ ಮಳೆ ಬೀಳದ ಹಾಗೆ ಮೇಲೆ ಅಡಿಕೆ ಹಾಳೆ ಕಟ್ಟಿದರು. ಹಾಳೆ ಬಹಳ ಚೆನ್ನಾಗಿ ಕೆಲಸ ಮಾಡಿತು.

ಆಶ್ಲೇಷ, ಮಘೆ ಕಳೆದ ಮೇಲೆ

ಉಳಿದ ಮೂರು ಕುಟುಂಬ ಆಶ್ಲೇಷ ದಾಟಿದವು. ಮಳೆಯ ಜೋರಿನಲ್ಲಿ ನಮ್ಮ ಗುರಿ ಕುಟುಂಬ ಬೆಳೆಸುವುದಾಗಿರಲಿಲ್ಲ, ಇದ್ದದ್ದನ್ನು ಉಳಿಸುವುದಾಗಿತ್ತು. ಸಕ್ಕರೆಯಲ್ಲಿ ಬಲ ಇದೆ, ಮರಿ ಬೆಳೆಸುವ ಸತ್ವ ಇಲ್ಲ. ಅದು ಪರಾಗದಿಂದಲೇ ಬರಬೇಕು. ಪರಾಗ ಇಲ್ಲದ ಹೊತ್ತು ಪಾಕ ಜಾಸ್ತಿ ಕೊಟ್ಟರೆ ರಾಣಿ ಮೊಟ್ಟೆ ಇಡುತ್ತಾಳೆ, ಸಾಕಲಾಗದೆ ನೊಣ ಆ ಮರಿಯನ್ನೇ ತಿನ್ನುತ್ತವೆ. ಮಘೆ ಮಳೆ ತಗ್ಗುತ್ತಾ ಬಂದು, ಗದ್ದೆ ಬದುವಿನ ಮುಟ್ಟಿದರೆ ಮುನಿಯಿಂದ ನೊಣ ಕಾಲಲ್ಲಿ ಪರಾಗ ಕಟ್ಟಿಕೊಂಡು ಬರುವುದು ಕಂಡ ಮೇಲೆ ಪಾಕವನ್ನು ತೆಳು ಮಾಡಿ ಒಂದಕ್ಕೊಂದು ಹದಕ್ಕೆ ತಂದೆವು, ಸ್ವಲ್ಪ ಸ್ವಲ್ಪ, ಬೇಗ ಬೇಗ. ಮೂರನೇ ಪೆಟ್ಟಿಗೆಯಲ್ಲಿ ರಾಣಿ ಮತ್ತೆ ಮೊಟ್ಟೆ ಹೆಚ್ಚಿಸಿದಳು. ಹಸ್ತ ಮಳೆಯ ಹೊತ್ತಿಗೆ ಐದು ಎರಿ ಆಯಿತು. ಆಗ ಚೌಕಟ್ಟಿನ ಫೀಡರ್ ತೆಗೆದು ಆ ಜಾಗಕ್ಕೆ ಎರಿ ಕೊಟ್ಟರು, ಪಾಕ ಬೇಕಾದಾಗ ಬಾಟ್ಲಿ. ಕುಟುಂಬ ದೊಡ್ಡದಾದ ಹಾಗೆ ಫೀಡರ್ ಬದಲಾಗಬೇಕು. ಒಂದೇ ಫೀಡರ್ ವರ್ಷಪೂರ್ತಿ ಸರಿ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ.

ನಿಲ್ಲಿಸಿದ್ದು ಅಕ್ಟೋಬರ್‌ನಲ್ಲಿ. ನೊಣ ಪಾಕವನ್ನು ಉಳಿಸಲು ಶುರು ಮಾಡಿದರೆ ಹೊರಗೆ ಸಿಗುತ್ತಿದೆ ಅಂತ ಅರ್ಥ. ಮೊಟ್ಟೆಯಿಂದ ನೊಣ ಹೊರಬರಲು 18ರಿಂದ 20 ದಿನ, ಅದು ಹೂವಿಗೆ ಹೋಗುವಂತಾಗಲು ಇನ್ನೆರಡು ಮೂರು ವಾರ. ಹೂವಿನ ಕಾಲಕ್ಕೆ ಕೈ ಬೇಕಾದರೆ ಸುಮಾರು ಆರು ವಾರ ಮುಂಚೆಯೇ ಮರಿ ಇರಬೇಕು. ಅಷ್ಟರ ಮಟ್ಟಿಗೆ ಮತ್ತೆ ಸ್ವಲ್ಪ ಪಾಕ ಕೊಡುವುದು ತಪ್ಪಲ್ಲ. ಜೇನು ಕೋಣೆ ಏರಿಸಿದ ಮೇಲೆ ಮಾತ್ರ ಒಂದು ಹನಿಯೂ ಕೊಡಬಾರದು. ಕೊಟ್ಟ ಸಕ್ಕರೆಯನ್ನು ನೊಣ ಎರಿಯಲ್ಲಿಟ್ಟರೆ ಅದು ಜೇನಾಗುವುದಿಲ್ಲ, ಸಕ್ಕರೆಯೇ. ಗಿರಾಕಿಗೆ ಅದನ್ನು ಜೇನು ಅಂತ ಕೊಡುವುದು ಮೋಸ. ಅಕ್ಕ ಮಳೆಗಾಲದ ಪಾಕ ಇದ್ದ ಎರಿಗಳ ಮೇಲ್ಪಟ್ಟಿಗೆ ಸುಣ್ಣದಲ್ಲಿ ಗುರುತು ಹಾಕಿದ್ದಾರೆ. ಅವು ಸಂಸಾರ ಕೋಣೆಯಿಂದ ಮೇಲೆ ಹೋಗುವುದಿಲ್ಲ.

ಎರಡೂ ಚೌಕಟ್ಟಿನ ಫೀಡರ್ ಕುದಿಯುವ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಸಂದುಗಳಿಗೆ ಮತ್ತೊಮ್ಮೆ ಮೇಣ ಹುಯ್ದು ಅಟ್ಟದಲ್ಲಿ ಇಟ್ಟಾಗಿದೆ. ಯಾವ ಪೆಟ್ಟಿಗೆಗೆ ಬಳಸಿದ್ದು ಅಂತ ಒಂದೊಂದರ ಮೇಲೂ ಬರೆದಿದ್ದಾರೆ, ಅದಲುಬದಲು ಆಗಬಾರದು. ಕೊರಿಯರ್‌ನಲ್ಲಿ ಬಂದ ದೊಡ್ಡ ಫೀಡರ್ ಮೆಲ್ಲಿಫೆರಾ ಸಾಕುವ ಪರಿಚಯದವರ ಪಾಲಾಯಿತು. ಮುಂದಿನ ಮೇಗೆ ಒಂದೊಂದು ಪೆಟ್ಟಿಗೆಯಲ್ಲೂ ಎರಡು ಚೌಕಟ್ಟು ಜೇನು ಬಿಡುವುದು ಅಂತ ಮನೆಯವರೆಲ್ಲ ಕೂತು ತೀರ್ಮಾನ ಮಾಡಿದ್ದಾರೆ. ಕೇಳುವವರಿಗೆ ಇಲ್ಲ ಅನ್ನುವ ಕೆಲಸವನ್ನು ಅತ್ತೆ ವಹಿಸಿಕೊಂಡಿದ್ದಾರೆ.